ನಕ್ಷೆಗೆ ಹಸಿರು ಬಣ್ಣ ಹಚ್ಚುವ ಮೊದಲು

ಪ್ರಶ್ನೆ: ನಮ್ಮ ಊರಿನ ಮುಂದಿನ 20 ವರ್ಷಗಳ ಮಾಸ್ಟರ್ ಪ್ಲಾನ್ ಕರಡು ಹಂತದಲ್ಲಿದೆ. ಉದ್ಯಾನಗಳಿಗೆ ಇಷ್ಟು ಶೇಕಡಾ ಎಂದು ಜಾಗ ಮೀಸಲಿಟ್ಟಿದ್ದೇವೆ, ಪರಿಸರ ತಜ್ಞರಿಂದ ವರದಿಯನ್ನೂ ಬರೆಸಿದ್ದೇವೆ. ಆದರೆ ವರದಿ ಕೊನೆಯ ಅನುಬಂಧವಾಗಿ ಕುಳಿತಿದೆ, ನಕ್ಷೆ ತನ್ನ ಪಾಡಿಗೆ ತಾನಿದೆ. ನಗರದ ಪರಿಸರ ವಿಜ್ಞಾನವನ್ನೂ ನಗರ ಯೋಜನೆಯನ್ನೂ ನಿಜಕ್ಕೂ ಬೆಸೆಯುವುದು ಹೇಗೆ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ವರದಿ ಅನುಬಂಧಕ್ಕೆ ಸರಿದದ್ದು ಅದರ ಗುಣಮಟ್ಟದಿಂದಲ್ಲ, ಅದು ಬಂದ ಹೊತ್ತಿನಿಂದ. ರಸ್ತೆಜಾಲ, ವಸತಿ ವಲಯ, ಕೈಗಾರಿಕಾ ವಲಯ ಎಲ್ಲಕ್ಕೂ ಗೆರೆ ಬಿದ್ದ ಮೇಲೆ ಪರಿಸರ ತಜ್ಞರನ್ನು ಕರೆದರೆ, ಮಿಕ್ಕ ತುಂಡುಗಳಿಗೆ ಹಸಿರು ಬಣ್ಣ ಹಚ್ಚುವುದಷ್ಟೇ ಅವರಿಗೆ ಉಳಿಯುವ ಕೆಲಸ. ಬೆಸುಗೆ ಕೂಡುವುದು ಎರಡೇ ಕಡೆ: ಮೊದಲ ಗೆರೆ ಎಳೆಯುವ ಮುನ್ನ, ಮತ್ತು ಕಟ್ಟಡಕ್ಕೆ ಅನುಮತಿ ಕೊಡುವ ಮೇಜಿನ ಮೇಲೆ. ಒಂದು ಕಡೆ ನೀರಿನ ದಾರಿ ಬೇಕು, ಇನ್ನೊಂದು ಕಡೆ ಲೆಕ್ಕ ಹಾಕಿ ತೋರಿಸಬಹುದಾದ ಸಂಖ್ಯೆ ಬೇಕು. ಶೇಕಡಾವಾರು ಉದ್ಯಾನ ಇವೆರಡರಲ್ಲಿ ಯಾವುದೂ ಅಲ್ಲ. ಎತ್ತರದ ಒಣ ದಿಬ್ಬದ ಮೇಲೆ ಐದು ಹೆಕ್ಟೇರ್ ಹುಲ್ಲುಹಾಸು ಬೆಳೆಸಿ, ತಗ್ಗಿನ ಜೌಗನ್ನು ಲೇಔಟ್ ಮಾಡಿದರೂ ಆ ಶೇಕಡಾ ಹಾಗೇ ಇರುತ್ತದೆ.

ನೀರಿನ ಪದರ ಮೊದಲು

ಒಂದೇ ಎತ್ತರದ ಜಾಗಗಳನ್ನು ಗೆರೆಗಳಿಂದ ಜೋಡಿಸಿ ತೋರಿಸುವ ಕಾಂಟೂರ್ ನಕ್ಷೆಯಿಂದ ಹಳ್ಳಗಳು, ಅವಕ್ಕೆ ಕೂಡುವ ಕಿರುದಾರಿಗಳು, ನೆರೆ ಹರಡುವ ತಗ್ಗುಗಳು, ಕೆರೆಯಿಂದ ಕೆರೆಗೆ ನೀರು ಹೋಗುವ ಜಾಡುಗಳನ್ನು ಗುರುತಿಸಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಉಪಗ್ರಹದಿಂದ ಉಚಿತವಾಗಿ ಸಿಗುವ 30 ಮೀಟರ್ ಅಂತರದ ಎತ್ತರದ ದತ್ತಾಂಶವನ್ನು ನೆಚ್ಚಿಕೊಳ್ಳುತ್ತಾರೆ. ಅದರ ದೋಷವೇ ಕೆಲವು ಮೀಟರ್‌ಗಳಷ್ಟಿರುತ್ತದೆ, ಮನೆಗಳ ಸೂರು ಮತ್ತು ಮರದ ತಲೆಗಳೂ ಅದರಲ್ಲಿ ನೆಲದಂತೆ ಕಾಣುತ್ತವೆ. ಸಮತಟ್ಟಾದ ಊರಿನಲ್ಲಿ ನೀರು ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂಬುದನ್ನು ಅರ್ಧ ಮೀಟರ್ ನಿರ್ಧರಿಸುತ್ತದೆ. ಆದ್ದರಿಂದ ಡ್ರೋನ್ ಅಥವಾ ಲೈಡಾರ್ (ಲೇಸರ್ ಕಿರಣದಿಂದ ಎತ್ತರ ಅಳೆಯುವ) ಸಮೀಕ್ಷೆ ಮಾಡಿಸಿ. ಅದಕ್ಕೆ ಹಣವಿಲ್ಲದಿದ್ದರೆ ಕನಿಷ್ಠ ತಗ್ಗು ಪ್ರದೇಶಗಳಲ್ಲಿ ಲೆವೆಲಿಂಗ್ (ನೆಲದ ಮೇಲೇ ಉಪಕರಣವಿಟ್ಟು ಮಟ್ಟ ಅಳೆಯುವುದು) ಮಾಡಿಸಿ. ಜೋರು ಮಳೆ ಬಂದ ದಿನ ಆ ಜಾಗಗಳಲ್ಲಿ ನಡೆದು ನೋಡಿ, ಹಳಬರನ್ನು ಕೇಳಿ. ವರ್ಷದಲ್ಲಿ ಬಹುಪಾಲು ಒಣಗಿರುವ ಹಳ್ಳ ದಾಖಲೆಯಲ್ಲಿ ಇರುವುದಿಲ್ಲ, ಮೊದಲು ಮುಚ್ಚಿಹೋಗುವುದೂ ಅದೇ.

ಯೋಜನೆ ಬದಲಾದರೆ ನೀರು ಎಷ್ಟು ಬದಲಾಗುತ್ತದೆ ಎಂಬುದನ್ನು ಎಂಜಿನಿಯರ್‌ಗಳಿಗೆ ಒಪ್ಪಿಸಲು ಅವರದೇ ಸೂತ್ರ ಸಾಕು: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು) × ಮಳೆಯ ತೀವ್ರತೆ (ಗಂಟೆಗೆ ಮಿಲಿಮೀಟರ್) × ವಿಸ್ತೀರ್ಣ (ಹೆಕ್ಟೇರ್) ÷ 360. ಉತ್ತರ ಸೆಕೆಂಡಿಗೆ ಘನ ಮೀಟರ್‌ನಲ್ಲಿ ಬರುತ್ತದೆ. ಗಂಟೆಗೆ 60 ಮಿಲಿಮೀಟರ್ ಮಳೆಗೆ, ಗಿಡಗಂಟಿ ಇರುವ 10 ಹೆಕ್ಟೇರ್ ಜಾಗದಿಂದ (ಗುಣಾಂಕ 0.3) 0.5 ಘನ ಮೀಟರ್ ಹರಿಯುತ್ತದೆ. ಅದೇ ಜಾಗ ಕಟ್ಟಡ, ಡಾಂಬರುಗಳಿಂದ ತುಂಬಿ ಗುಣಾಂಕ 0.8 ಆದರೆ 1.33 ಘನ ಮೀಟರ್. ಅಂದರೆ ಕೆಳಗಿನ ಚರಂಡಿ ಎರಡೂವರೆ ಪಟ್ಟಿಗೂ ಹೆಚ್ಚು ನೀರು ಹೊರಬೇಕು. ಈ ಸೂತ್ರ ಸಣ್ಣ ಜಲಾನಯನಕ್ಕೆ ಮಾತ್ರ. ಸುಮಾರು 80 ಹೆಕ್ಟೇರ್ ದಾಟಿದರೆ ನೀರು ತಲುಪುವ ಸಮಯ, ತಗ್ಗುಗಳಲ್ಲಿ ನಿಲ್ಲುವ ಪ್ರಮಾಣ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿ ಬೇಕಾಗುತ್ತದೆ.

ನೀರಿನ ಮೇಲೆ ಮಣ್ಣಿನ ಪದರ (ಎಲ್ಲಿ ಇಂಗುತ್ತದೆ, ಅಂತರ್ಜಲ ಎಷ್ಟು ಆಳ), ಶಾಖದ ಪದರ, ಜೀವಿಗಳ ನೆಲೆಯ ಪದರ ಬರಲಿ. ಶಾಖದ ನಕ್ಷೆಯನ್ನು ಓದುವಾಗ ಒಂದು ಎಚ್ಚರ ಬೇಕು. ಉಪಗ್ರಹ ಕೊಡುವುದು ಮೇಲ್ಮೈಯ ಉಷ್ಣತೆ, ಜನ ಉಸಿರಾಡುವ ಗಾಳಿಯದಲ್ಲ. ನಡುಹಗಲಿನಲ್ಲಿ ಬಿಸಿಲಿಗೆ ಕಾದ ಬೋಳು ಬಯಲು ಆ ನಕ್ಷೆಯಲ್ಲಿ ಕಟ್ಟಡಗಳ ಕೇರಿಗಿಂತ ಕೆಂಪಾಗಿ ಕಾಣಬಹುದು. ಆದರೆ ರಾತ್ರಿ ಆ ಬಯಲು ಬೇಗ ತಣಿಯುತ್ತದೆ, ಕಾಂಕ್ರೀಟಿನ ಕೇರಿ ತಣಿಯುವುದಿಲ್ಲ. ಹಗಲಿನ ಒಂದೇ ಚಿತ್ರ ನೋಡಿ ಬಯಲಿಗೆ ‘ಬಿಸಿ ವಲಯ’ ಎಂದು ಹೆಸರಿಟ್ಟರೆ, ರಾತ್ರಿ ತಂಪನ್ನು ಹುಟ್ಟಿಸುವ ಜಾಗವನ್ನೇ ಕಟ್ಟಡಕ್ಕೆ ಕೊಟ್ಟಂತಾಗುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್ ಕಣಿವೆಯಲ್ಲಿರುವ, ಗಾಳಿ ಕಡಿಮೆ ಬೀಸುವ ನಗರ. ಅಲ್ಲಿನ ಆಡಳಿತ 1938ರಲ್ಲೇ ಹವಾಮಾನ ತಜ್ಞರನ್ನು ನೇಮಿಸಿಕೊಂಡಿತು. ಇಂದಿಗೂ ಗುಡ್ಡದ ಇಳಿಜಾರುಗಳಿಂದ ರಾತ್ರಿ ಇಳಿಯುವ ತಂಪು ಗಾಳಿಯ ಓಣಿಗಳನ್ನು ಗುರುತಿಸಿ, ಅಲ್ಲಿ ಕಟ್ಟಡಕ್ಕೆ ಮಿತಿ ಹಾಕುತ್ತಾರೆ. ಆ ಓಣಿಗಳಲ್ಲಿ ದಟ್ಟವಾಗಿ ಮರ ನೆಡುವುದೂ ಗಾಳಿಗೆ ಅಡ್ಡಿಯಾಗಬಹುದು ಎಂಬುದನ್ನು ಗಮನಿಸಿ. ಹುಲ್ಲು, ತೋಟ, ಬಿಡಿಬಿಡಿ ಮರ ಇದ್ದರೆ ಸಾಕು.

ಪದರಗಳನ್ನು ಒಟ್ಟು ಸೇರಿಸುವಾಗ ಇನ್ನೊಂದು ಮೋಸ ಕಾದಿರುತ್ತದೆ. ಪ್ರತಿ ಪದರಕ್ಕೂ ಹತ್ತರಲ್ಲಿ ಅಂಕ ಕೊಟ್ಟು ಸರಾಸರಿ ತೆಗೆಯುವುದು ರೂಢಿ. ನೆರೆ ಬಯಲೊಂದಕ್ಕೆ ನೀರಿನಲ್ಲಿ 10, ಉಳಿದ ಮೂರರಲ್ಲಿ ಒಂದೊಂದು ಅಂಕ ಬಂದರೆ ಸರಾಸರಿ 3.25. ‘ಮಹತ್ವ ಕಡಿಮೆ’ ಎಂದು ಅದು ವಸತಿ ವಲಯಕ್ಕೆ ಜಾರುತ್ತದೆ. ನೀರಿನ ದಾರಿ, ನೆರೆ ಬಯಲು, ಮತ್ತೆ ಹುಟ್ಟಿಸಲಾಗದ ಹಳೆಯ ನೆಲೆಗಳು, ಈ ಮೂರನ್ನು ಸರಾಸರಿಗೆ ಹಾಕಲೇಬೇಡಿ. ಇವು ಅಂಕವಲ್ಲ, ತಡೆ. ಮಿಕ್ಕದ್ದಕ್ಕೆ ಬೇಕಾದರೆ ತೂಕ ಹಾಕಿ.

ಅನುಮತಿಯ ಮೇಜಿನ ಮೇಲಿನ ಸಂಖ್ಯೆ

ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಊರು ಬೆಳೆಯುವುದು ನಿವೇಶನ ನಿವೇಶನವಾಗಿ. ಅಲ್ಲಿಗೆ ಪರಿಸರವನ್ನು ತಲುಪಿಸಲು ನಾನು ಕಂಡಂತೆ ಅತ್ಯಂತ ಸರಳವಾದ ಸಾಧನ ಬರ್ಲಿನ್ ನಗರ 1990ರ ದಶಕದಲ್ಲಿ ಜಾರಿಗೆ ತಂದ ಬಯೋಟೋಪ್ ಏರಿಯಾ ಫ್ಯಾಕ್ಟರ್. ನಿವೇಶನದ ಪ್ರತಿ ಬಗೆಯ ಮೇಲ್ಮೈಗೂ ಅದು ಒಂದು ತೂಕ ಕೊಡುತ್ತದೆ. ಮೂಲ ಪಟ್ಟಿಯಲ್ಲಿ ಕಾಂಕ್ರೀಟು, ಡಾಂಬರಿಗೆ 0. ಸಂದುಗಳಲ್ಲಿ ನೀರು ಇಳಿಯುವ ಕಲ್ಲುಹಾಸಿಗೆ 0.3. ಚಪ್ಪಡಿಯ ಮೇಲೆ 80 ಸೆಂಟಿಮೀಟರ್‌ಗಿಂತ ಕಡಿಮೆ ಮಣ್ಣು ಹಾಕಿ ಬೆಳೆಸಿದ ಗಿಡಗಳಿಗೆ 0.5, ಹಸಿರು ಚಾವಣಿಗೆ 0.7, ಕೆಳಗಿನ ನೆಲಕ್ಕೆ ನೇರ ಕೂಡಿದ ತೋಟಕ್ಕೆ 1. ಎಲ್ಲವನ್ನೂ ಗುಣಿಸಿ ಕೂಡಿಸಿ ನಿವೇಶನದ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಗುಣಾಂಕ. ಹೊಸ ವಸತಿಗೆ 0.6, ವಾಣಿಜ್ಯಕ್ಕೆ 0.3 ಗುರಿ.

ಒಂದು ಲೆಕ್ಕ ನೋಡಿ. 1,000 ಚದರ ಮೀಟರ್ ನಿವೇಶನದಲ್ಲಿ 500 ಕಟ್ಟಡ, 300 ಡಾಂಬರು, 100 ನೀರಿಳಿಯುವ ಕಲ್ಲುಹಾಸು, 100 ತೋಟ. ಕಲ್ಲುಹಾಸಿನಿಂದ 30, ತೋಟದಿಂದ 100, ಒಟ್ಟು 130, ಅಂದರೆ 0.13. ಕಟ್ಟಡ ಒಂದಿಷ್ಟೂ ಚಿಕ್ಕದಾಗದೆ ಇದನ್ನು ಸರಿಪಡಿಸಬಹುದು. ಚಾವಣಿಯಲ್ಲಿ 400 ಚದರ ಮೀಟರ್ ಹಸಿರಾದರೆ 280. ಡಾಂಬರಿನಲ್ಲಿ ಅರ್ಧ ತೋಟವಾಗಿ ತೋಟ 250. ಇನ್ನರ್ಧ ಕಲ್ಲುಹಾಸಾಗಿ ಅದೂ 250 ಆದರೆ 75. ಮೂರೂ ಸೇರಿ 605, ಗುಣಾಂಕ 0.605. ಕಟ್ಟುವವರು ತಮಗೆ ಬೇಕಾದ ದಾರಿಯನ್ನು ತಾವೇ ಆರಿಸಿಕೊಳ್ಳಬಹುದು, ಅನುಮತಿ ಕೊಡುವವರು ಐದು ನಿಮಿಷದಲ್ಲಿ ಪರಿಶೀಲಿಸಬಹುದು.

ಇದು ಸೋಲುವುದೂ ಉಂಟು. ನೆಲಮಾಳಿಗೆಯ ಪಾರ್ಕಿಂಗನ್ನು ಗಡಿಗೋಡೆಯವರೆಗೂ ಅಗೆಯಲು ಬಿಟ್ಟರೆ, ಮೇಲೆ ಕಾಣುವ ತೋಟ ಚಪ್ಪಡಿಯ ಮೇಲಿನ 40 ಸೆಂಟಿಮೀಟರ್ ಮಣ್ಣಷ್ಟೇ. ಅಲ್ಲಿ ದೊಡ್ಡ ಮರ ನಿಲ್ಲದು, ನೀರು ಕೆಳಗೆ ಇಳಿಯದು. ಹಾಗಾಗಿ ನೆಲಮಾಳಿಗೆಗೂ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಅಂತರ) ಬರೆಯಿರಿ. ಹಸಿರು ಚಾವಣಿ 10 ಸೆಂಟಿಮೀಟರ್ ದಪ್ಪದ್ದಾದರೂ ನೀರು ಹೀರಿದಾಗ ಚದರ ಮೀಟರಿಗೆ ನೂರು ಕಿಲೋ ದಾಟುತ್ತದೆ. ಆ ಭಾರವನ್ನು ಸ್ಟ್ರಕ್ಚರಲ್ ವಿನ್ಯಾಸದಲ್ಲಿ ಮೊದಲೇ ಸೇರಿಸಿರಬೇಕು, ಆಮೇಲೆ ಸೇರಿಸಲಾಗದು. ಇನ್ನೊಂದು ತೊಂದರೆ: ತೂಕದ ಪಟ್ಟಿ ಹುಲ್ಲುಹಾಸನ್ನೂ ಪೊದೆಗಾಡನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಸ್ವೀಡನ್ನಿನ ಮಾಲ್ಮೋ ನಗರ 2001ರ ಬಂದರು ಬಡಾವಣೆಯಲ್ಲಿ ಇದಕ್ಕೊಂದು ಉಪಾಯ ಮಾಡಿತು. ಗುಣಾಂಕದ ಜೊತೆಗೆ ಹಕ್ಕಿಗೂಡು, ಬಾವಲಿ ಪೆಟ್ಟಿಗೆ, ಚಿಟ್ಟೆಗಳ ಆಹಾರಸಸ್ಯ, ಹೊಂಡದಂಥ 35 ಅಂಶಗಳ ಪಟ್ಟಿ ಕೊಟ್ಟು, ಪ್ರತಿ ಅಂಗಳದಲ್ಲೂ ಹತ್ತನ್ನು ಮಾಡಲೇಬೇಕು ಎಂದಿತು.

ಮಳೆತೋಟ: ಎಷ್ಟು ಬೇಕು, ಯಾಕೆ ಕೆಡುತ್ತದೆ

ರಸ್ತೆಬದಿಯಲ್ಲೂ ಅಂಗಳದಲ್ಲೂ ನೀರನ್ನು ತಡೆದು ಸೋಸುವ ತಗ್ಗು ಪಾತಿಗಳನ್ನು ಮಾಡಿಸುವ ಯೋಚನೆ ನಿಮಗೆ ಇದ್ದೇ ಇರುತ್ತದೆ. ‘ಅಲ್ಲಲ್ಲಿ ಮಳೆತೋಟ’ ಎಂದು ಬರೆದರೆ ಏನೂ ಆಗುವುದಿಲ್ಲ, ಅಳತೆ ಬರೆಯಬೇಕು. ಒಂದು ಹೆಕ್ಟೇರ್ ಜಾಗದಲ್ಲಿ ಶೇ. 70 ಭಾಗ ಮುಚ್ಚಿದ ನೆಲ, ಮೊದಲ 25 ಮಿಲಿಮೀಟರ್ ಮಳೆಯನ್ನು ಹಿಡಿಯಬೇಕು ಎಂದಿಟ್ಟುಕೊಳ್ಳಿ. 7,000 ಚದರ ಮೀಟರ್ × 0.025 = 175 ಘನ ಮೀಟರ್ ನೀರು. ಪಾತಿಯ ಮೇಲೆ 30 ಸೆಂಟಿಮೀಟರ್ ನೀರು ನಿಲ್ಲಬಹುದು. ಕೆಳಗೆ 90 ಸೆಂಟಿಮೀಟರ್ ಮರಳು-ಮಣ್ಣಿನ ಮಿಶ್ರಣ, ಅದರ ಐದನೇ ಒಂದು ಭಾಗದ ರಂಧ್ರಗಳಲ್ಲಿ ನೀರು ತುಂಬುತ್ತದೆ ಎಂದರೆ 18 ಸೆಂಟಿಮೀಟರ್. ಒಟ್ಟು ಚದರ ಮೀಟರಿಗೆ 0.48 ಘನ ಮೀಟರ್. 175ನ್ನು 0.48ರಿಂದ ಭಾಗಿಸಿದರೆ ಸುಮಾರು 365 ಚದರ ಮೀಟರ್, ಅಂದರೆ ಮುಚ್ಚಿದ ನೆಲದ ಶೇ. 5ರಷ್ಟು. ರಸ್ತೆಯ ಅಡ್ಡಕೊಯ್ತದ (ಅಗಲದಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂದು ತೋರಿಸುವ) ಮಾದರಿ ನಕ್ಷೆಯಲ್ಲಿ ಈ ಶೇ. 5ಕ್ಕೆ ಜಾಗ ಇಲ್ಲದಿದ್ದರೆ ಅದು ಮುಂದೆಂದೂ ಸಿಗುವುದಿಲ್ಲ. ಕೇಬಲ್ಲು, ಕೊಳವೆಗಳು ಬಂದು ಆ ಜಾಗ ಹಿಡಿದುಬಿಡುತ್ತವೆ.

ಮಾಡುವ ಮೊದಲು ಮಣ್ಣಿನ ಪರೀಕ್ಷೆ ಆಗಲೇಬೇಕು. ಪಾತಿಯ ತಳ ಬರುವ ಮಟ್ಟದಲ್ಲಿ 30 ಸೆಂಟಿಮೀಟರ್ ಗುಂಡಿ ತೋಡಿ, ನೀರು ತುಂಬಿ ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಒಣ ಮಣ್ಣಿನಲ್ಲಿ ಅಳೆದರೆ ಸುಳ್ಳು ಭರವಸೆ ಸಿಗುತ್ತದೆ. 13 ಮಿಲಿಮೀಟರ್‌ಗಿಂತ ಕಡಿಮೆ ಇಳಿದರೆ ತಳದಲ್ಲಿ ರಂಧ್ರವಿರುವ ಕೊಳವೆ ಹಾಕಿ ಚರಂಡಿಗೆ ಜೋಡಿಸಬೇಕು. ಮಿಶ್ರಣದ ಬಹುಪಾಲು ತೊಳೆದ ಮರಳು. ಜೇಡಿಯ ಪಾಲು ಶೇ. 5ರ ಒಳಗಿರಲಿ, ಕಾಂಪೋಸ್ಟ್ ಕಡಿಮೆ ಇರಲಿ. ಗಿಡ ಚೆನ್ನಾಗಿ ಬರಲೆಂದು ಗೊಬ್ಬರ ಸುರಿದರೆ ಅದರ ರಂಜಕ ಸೋರಿ, ನೀವು ಶುದ್ಧ ಮಾಡಹೊರಟ ಕೆರೆಗೇ ಹೋಗಿ ಪಾಚಿ ಕಟ್ಟಿಸುತ್ತದೆ. ಮಿಶ್ರಣಕ್ಕೂ ಕೆಳಗಿನ ಜಲ್ಲಿಗೂ ನಡುವೆ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸುವುದು ಹಳೆಯ ಅಭ್ಯಾಸ. ಅದು ನುಣ್ಣನೆಯ ಹೂಳಿನಿಂದ ಕಟ್ಟಿಕೊಳ್ಳುತ್ತದೆ. ದಪ್ಪ ಮರಳು, ಸಣ್ಣ ಜಲ್ಲಿ ಎಂದು ಪದರ ಪದರವಾಗಿ ಹಾಕುವುದೇ ಮೇಲು.

ಕೆಡುವುದು ಬಹುತೇಕ ಕಟ್ಟುವಾಗಲೇ. ಪಾತಿಯ ತಳದ ಮೇಲೆ ಯಂತ್ರ ಓಡಾಡಿ ಮಣ್ಣು ಬಿಗಿಯುತ್ತದೆ. ಇಲ್ಲವೇ ಅಕ್ಕಪಕ್ಕದ ಕಟ್ಟಡದ ಕೆಲಸ ಮುಗಿಯುವ ಮೊದಲೇ ಪಾತಿಯನ್ನು ತೆರೆದು, ಸಿಮೆಂಟು-ಮಣ್ಣಿನ ಕೆಸರು ಒಂದೇ ಮಳೆಗೆ ಅದನ್ನು ಮುಚ್ಚುತ್ತದೆ. ಬಡಾವಣೆಯ ಎಲ್ಲ ಕೆಲಸ ಮುಗಿದ ಮೇಲೆ ಪಾತಿ ತೆರೆಯಬೇಕು ಎಂದು ಟೆಂಡರಿನಲ್ಲೇ ಬರೆಯಿರಿ. ರಸ್ತೆಯಂಚಿನ ಕಲ್ಲಿನಲ್ಲಿ ನೀರು ಒಳಬರುವ ಬಾಯಿಯ ಮುಂದೆ ಪಾತಿಯ ಮಟ್ಟ ಕನಿಷ್ಠ 5 ಸೆಂಟಿಮೀಟರ್ ತಗ್ಗಿರಲಿ. ಇಲ್ಲದಿದ್ದರೆ ಹುಲ್ಲು, ಹೂಳು ಅಲ್ಲೇ ದಿಬ್ಬವಾಗಿ ನೀರು ಒಳಗೇ ಬರದೆ ಮುಂದೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ತೋಟ ಸುಂದರವಾಗಿಯೇ ಇರುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನಿಂತ ನೀರು 48 ಗಂಟೆಯೊಳಗೆ ಇಳಿದುಹೋದರೆ ಸೊಳ್ಳೆಯ ಭಯ ಬೇಡ, ಮರಿಹುಳು ಸೊಳ್ಳೆಯಾಗಲು ಬೆಚ್ಚನೆಯ ಊರಿನಲ್ಲೂ ಸುಮಾರು ಒಂದು ವಾರ ಬೇಕು. ಪೆಟ್ರೋಲ್ ಬಂಕ್, ರಾಸಾಯನಿಕ ಕಾರ್ಖಾನೆಗಳ ಅಂಗಳದ ನೀರನ್ನು ಮಾತ್ರ ಇಂಗಿಸಲೇಬೇಡಿ. ಅದು ಅಂತರ್ಜಲಕ್ಕೆ ವಿಷ ಉಣಿಸಿದಂತೆ.

ಮಹಾಮಳೆಗೆ ಇದು ಸಾಲದು. 2011ರ ಜುಲೈ 2ರಂದು ಕೋಪನ್‌ಹೇಗನ್‌ನಲ್ಲಿ ಎರಡು ಗಂಟೆಯೊಳಗೆ 150 ಮಿಲಿಮೀಟರ್ ಆಸುಪಾಸು ಮಳೆ ಸುರಿಯಿತು. ಮರುವರ್ಷ ಆ ನಗರ ಮಾಡಿದ ಯೋಜನೆಯಲ್ಲಿ ಕೆಲವು ರಸ್ತೆಗಳೇ ತಾತ್ಕಾಲಿಕ ಕಾಲುವೆಗಳು, ಕೆಲವು ಉದ್ಯಾನ ಮತ್ತು ಚೌಕಗಳೇ ತಾತ್ಕಾಲಿಕ ಕೆರೆಗಳು. ಯಾವ ರಸ್ತೆಯಲ್ಲಿ ನೀರು ಹರಿಯಲು ಬಿಡುತ್ತೀರಿ ಎಂಬುದನ್ನು ನೀವೇ ತೀರ್ಮಾನಿಸದಿದ್ದರೆ ನೀರು ತೀರ್ಮಾನಿಸುತ್ತದೆ. ಆ ರಸ್ತೆಯಲ್ಲಿ ಆಸ್ಪತ್ರೆಯೂ ವಿದ್ಯುತ್ ಉಪಕೇಂದ್ರವೂ ಇರಬಾರದು, ಅಷ್ಟೇ.

ಮರ ಎಂದರೆ ಮಣ್ಣು

ಸಸಿಗಳ ಸಂಖ್ಯೆಯನ್ನು ಗುರಿಯಾಗಿ ಬರೆಯುವುದನ್ನು ನಿಲ್ಲಿಸಿ. ಲಕ್ಷ ಸಸಿ ನೆಟ್ಟೆವು ಎಂಬ ಸಂಖ್ಯೆಯಿಂದ ನೆರಳು ಎಷ್ಟು ಎಂದು ತಿಳಿಯುವುದಿಲ್ಲ. ದೊಡ್ಡದಾಗಿ ಬೆಳೆಯುವ ಒಂದು ಮರಕ್ಕೆ ಬೇರು ಹರಡಲು ಸುಮಾರು 30 ಘನ ಮೀಟರ್ ಸಡಿಲ ಮಣ್ಣು ಬೇಕು. ಪಾದಚಾರಿ ಹಾದಿಯಲ್ಲಿ ನಾವು ಕೊಡುವ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಯಲ್ಲಿ ಇರುವುದು ಒಂದೇ ಘನ ಮೀಟರ್. ಮರ ಹತ್ತು-ಹದಿನೈದು ವರ್ಷಕ್ಕೆ ಸೊರಗುತ್ತದೆ, ಇಲ್ಲವೇ ನೀರು ಹುಡುಕಿ ಕಲ್ಲುಹಾಸನ್ನು ಎತ್ತುತ್ತದೆ. ಆಗ ಬೇರು ಕಡಿಯುತ್ತೇವೆ, ಗಾಳಿಗೆ ಮರ ಬೀಳುತ್ತದೆ, ತಪ್ಪು ಮರದ್ದಾಗುತ್ತದೆ. ಬಿಡಿ ಗುಂಡಿಗಳ ಬದಲು ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಆಳದ ಉದ್ದನೆಯ ಕಂದಕ ಮಾಡಿ ಮರಗಳು ಹಂಚಿಕೊಳ್ಳಲು ಬಿಡಿ. ಮೇಲೆ ವಾಹನ ನಿಲ್ಲಬೇಕಾದಲ್ಲಿ ಭಾರ ಹೊರುವ ಚೌಕಟ್ಟು ಹಾಕಿ ಒಳಗೆ ಮಣ್ಣು ತುಂಬಬಹುದು. ಕಲ್ಲು-ಮಣ್ಣು ಬೆರೆಸಿ ದಮ್ಮಸು ಮಾಡುವ ಅಗ್ಗದ ವಿಧಾನವೂ ಇದೆ. ಆದರೆ ಅದರಲ್ಲಿ ಮಣ್ಣು ಐದರಲ್ಲಿ ಒಂದು ಪಾಲು ಮಾತ್ರ, 30 ಘನ ಮೀಟರ್ ತುಂಬಿದರೂ ಬೇರಿಗೆ ದಕ್ಕುವ ಮಣ್ಣು 6 ಘನ ಮೀಟರ್.

ಜಾತಿಗಳ ಆಯ್ಕೆಗೆ ಅಮೆರಿಕದ ಮರ ತಜ್ಞ ಫ್ರಾಂಕ್ ಸಾಂಟಾಮೋರ್ 1990ರಲ್ಲಿ ಮುಂದಿಟ್ಟ ನಿಯಮ ಇಂದಿಗೂ ಉಪಯುಕ್ತ: ಊರಿನ ಒಟ್ಟು ಮರಗಳಲ್ಲಿ ಒಂದೇ ಪ್ರಭೇದ ಶೇ. 10, ಒಂದೇ ಕುಲ ಶೇ. 20, ಒಂದೇ ಕುಟುಂಬ ಶೇ. 30 ದಾಟಬಾರದು. ಎಲ್ಮ್ ಮರಗಳು ರೋಗಕ್ಕೆ ಸತ್ತ ಮೇಲೆ ಅಮೆರಿಕದ ಎಷ್ಟೋ ನಗರಗಳು ಆ ಜಾಗಕ್ಕೆಲ್ಲ ಆಶ್ ಮರ ನೆಟ್ಟವು. 2002ರಲ್ಲಿ ಡೆಟ್ರಾಯಿಟ್ ಬಳಿ ಆಶ್ ಕೊರೆಯುವ ಜೀರುಂಡೆ ಪತ್ತೆಯಾಯಿತು, ಬೀದಿಗೆ ಬೀದಿಯೇ ಬೋಳಾಯಿತು. ಸಾಲುಮರ ಒಂದೇ ಜಾತಿಯದಿದ್ದರೆ ಅಂದ ಎನ್ನುವವರಿಗೆ ಇದನ್ನು ಹೇಳಿ.

ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ. 30 ಭಾಗ ನೆರಳಿರಬೇಕು, 300 ಮೀಟರ್‌ನೊಳಗೆ ಉದ್ಯಾನವಿರಬೇಕು ಎಂಬ ನಿಯಮವನ್ನು ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟರು. ಬೇಗ ಅಳೆಯಬಹುದು, ಜನರಿಗೂ ಅರ್ಥವಾಗುತ್ತದೆ. ಆದರೆ 300 ಮೀಟರನ್ನು ಕಾಗೆ ಹಾರಿದಂತೆ ಅಳೆಯಬೇಡಿ, ನಡೆಯುವ ದಾರಿಯಲ್ಲಿ ಅಳೆಯಿರಿ. ಮಳೆ ಕಡಿಮೆಯಿರುವ ಊರಿಗೆ ಶೇ. 30 ನೆರಳು ನೀರಿನ ಸಾಲವಾದೀತು. ಅಲ್ಲಿ ಜನ ನಡೆಯುವ ದಾರಿ, ಬಸ್ ನಿಲ್ದಾಣ, ಶಾಲೆಯಂಗಳಗಳಿಗೆ ಮೊದಲು ನೆರಳು ಕೊಡಿ.

ಹಳ್ಳಕ್ಕೂ ಜೀವಿಗಳಿಗೂ ಜಾಗ

ಕಾಂಕ್ರೀಟ್ ಕಾಲುವೆಯನ್ನು ಮತ್ತೆ ಹಳ್ಳವಾಗಿಸಲು ಸಾಧ್ಯವೇ ಎಂದು ಎಲ್ಲರೂ ಕೇಳುತ್ತಾರೆ. ಜಾಗವಿದ್ದರೆ ಸಾಧ್ಯ. ಸಿಂಗಪುರದ ಬಿಶಾನ್-ಆಂಗ್ ಮೊ ಕಿಯೊ ಉದ್ಯಾನದಲ್ಲಿ 2.7 ಕಿಲೋಮೀಟರ್ ನೇರ ಕಾಲುವೆಯನ್ನು 2012ರ ಹೊತ್ತಿಗೆ 3 ಕಿಲೋಮೀಟರ್ ಬಳಸಿ ಹರಿಯುವ ತೊರೆಯಾಗಿಸಿದರು. ಮಳೆ ಜೋರಾದಾಗ ಉದ್ಯಾನವೇ ನೆರೆ ಬಯಲು. ದಡ ಹಿಡಿದಿರುವುದು ಗಿಡದ ಬೇರು, ಕಲ್ಲು ಮತ್ತು ಸೊಪ್ಪುಕಡ್ಡಿಯ ಕಟ್ಟುಗಳು. ಯಾವುದು ನಿಲ್ಲುತ್ತದೆ ಎಂದು ಮೊದಲು ಸಣ್ಣ ತುಣುಕಿನಲ್ಲಿ ಪರೀಕ್ಷೆ ಮಾಡಿಯೇ ಮುಂದುವರಿದರು. ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್ಗ್ಯೆಚೊನ್ ತೊರೆ ಇದಕ್ಕಿಂತ ಪ್ರಸಿದ್ಧ. ಮೇಲ್ಸೇತುವೆಯನ್ನೇ ತೆಗೆದು 2005ರಲ್ಲಿ 5.8 ಕಿಲೋಮೀಟರ್ ತೊರೆಯನ್ನು ತೆರೆದರು. ಆದರೆ ಅದರ ನೀರಿನ ಬಹುಪಾಲು ನದಿಯಿಂದ ಪಂಪ್ ಮಾಡಿ ತಂದದ್ದು. ಸಾರ್ವಜನಿಕ ಜಾಗವಾಗಿ ಅದು ಅದ್ಭುತ, ಜಲಾನಯನದ ಪುನಶ್ಚೇತನವಾಗಿ ಅರ್ಧ. ಎರಡರಲ್ಲಿ ನಿಮಗೆ ಬೇಕಾದದ್ದು ಯಾವುದು ಎಂದು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ಮೇಲಿನ ಕೇರಿಗಳ ಕೊಳಚೆ ಹಳ್ಳಕ್ಕೆ ಬೀಳುವುದು ನಿಲ್ಲುವವರೆಗೆ ದಡದ ಅಲಂಕಾರಕ್ಕೆ ಹಣ ಹಾಕಬೇಡಿ.

ಜೀವಿಗಳ ವಿಷಯದಲ್ಲಿ ಒಂದು ಮಾತು. ನಕ್ಷೆಯ ಮೇಲೆ ಎರಡು ಹಸಿರು ತುಂಡುಗಳ ನಡುವೆ ಬಾಣದ ಗುರುತು ಹಾಕಿದರೆ ಅದು ಸಂಪರ್ಕದ ಓಣಿಯಾಗುವುದಿಲ್ಲ. ಯಾವ ಪ್ರಾಣಿಗೆ ಎಂದು ಹೆಸರಿಡಿ. ಹಕ್ಕಿಗೆ ಸಾಲುಮರ ಸಾಕಾಗಬಹುದು. ಕಪ್ಪೆಗೆ ರಸ್ತೆಯಡಿ ಒದ್ದೆ ದಾರಿ ಬೇಕು, ಮುಂಗುಸಿಯಂಥದಕ್ಕೆ ಮೋರಿಯೊಳಗೆ ನೀರಿನ ಮಟ್ಟದ ಮೇಲೆ ಒಣ ಅಂಚು ಬೇಕು. ದೀಪಗಳೂ ಗೋಡೆಗಳೇ. ಹಳ್ಳದ ಬದಿಯಲ್ಲಿ ಕೆಳಮುಖದ, 2,700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ಅಥವಾ ಅದಕ್ಕಿಂತ ಬೆಚ್ಚನೆಯ ಬಣ್ಣದ ದೀಪಗಳನ್ನು ಹಾಕಿ. ಸಾಧ್ಯವಾದಲ್ಲಿ ಕತ್ತಲೆಯನ್ನೇ ಉಳಿಸಿ.

‘ಇಲ್ಲಿ ಕಡಿಯುತ್ತೇವೆ, ಬೇರೆಡೆ ನೆಡುತ್ತೇವೆ’ ಎಂಬುದಕ್ಕೂ ನಿಯಮ ಬೇಕು. ಇಂಗ್ಲೆಂಡ್ 2024ರ ಫೆಬ್ರುವರಿಯಿಂದ ದೊಡ್ಡ ನಿರ್ಮಾಣಗಳಿಗೆ ಜೀವವೈವಿಧ್ಯದಲ್ಲಿ ಕನಿಷ್ಠ ಶೇ. 10 ಹೆಚ್ಚಳವನ್ನು ಕಡ್ಡಾಯ ಮಾಡಿದೆ, ಅದನ್ನು 30 ವರ್ಷ ನೋಡಿಕೊಳ್ಳಬೇಕು. ನಿಮ್ಮ ನಿಯಮದಲ್ಲಿ ಶೇಕಡಾಕ್ಕಿಂತ ಆ 30 ವರ್ಷವನ್ನು ಗಟ್ಟಿ ಹಿಡಿಯಿರಿ. ಪರಿಹಾರದ ಜಾಗ ಅದೇ ಜಲಾನಯನದಲ್ಲಿ ಇರಬೇಕು ಎಂಬುದನ್ನೂ ಸೇರಿಸಿ.

ಕರಡು ಈಗಾಗಲೇ ಕೈಯಲ್ಲಿದೆ ಎಂದಿರಿ

ಹಾಗಿದ್ದರೆ ಎಲ್ಲವನ್ನೂ ಮತ್ತೆ ಬರೆಯಲು ಹೋಗಬೇಡಿ. ಕರಡಿನ ಭೂಬಳಕೆ ನಕ್ಷೆಯ ಮೇಲೆ ನೀರಿನ ಪದರವನ್ನಿಟ್ಟು, ಎಲ್ಲೆಲ್ಲಿ ಡಿಕ್ಕಿಯಾಗುತ್ತದೆ ಎಂದು ಪಟ್ಟಿ ಮಾಡಿ. ಇನ್ನೂ ಅನುಮತಿ ಕೊಡದ ಜಾಗಗಳಲ್ಲಿ ವಲಯ ಬದಲಿಸಿ. ಖಾಸಗಿ ಜಾಗವಾದರೆ ಅಲ್ಲಿನ ಕಟ್ಟಡದ ಹಕ್ಕನ್ನು ಬೇರೆಡೆಗೆ ವರ್ಗಾಯಿಸಲು ಅವಕಾಶ ಕೊಡಿ. ಬರೀ ನಿಷೇಧ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ, ಬೀದಿಯಲ್ಲಿ ಇನ್ನೂ ಕಷ್ಟ. ಈಗಾಗಲೇ ಬಡವರು ಮನೆ ಕಟ್ಟಿಕೊಂಡಿರುವ ಹಳ್ಳದ ದಂಡೆಯನ್ನು ‘ಪರಿಸರ’ದ ಹೆಸರಲ್ಲಿ ತೆರವು ಮಾಡಿ, ಪಕ್ಕದ ಅಪಾರ್ಟ್‌ಮೆಂಟಿಗೆ ನೋಟ ಒದಗಿಸುವ ಯೋಜನೆಗಳು ಎಲ್ಲೆಡೆ ಆಗಿವೆ. ಪುನರ್ವಸತಿಯ ಜಾಗ ನಡೆದು ಹೋಗುವ ದೂರದಲ್ಲಿ ನಿಗದಿಯಾಗದೆ ಅಂಥ ಗೆರೆ ಎಳೆಯಬೇಡಿ.

ಎರಡನೆಯದಾಗಿ, ನಿವೇಶನದ ಗುಣಾಂಕವನ್ನು ಕಟ್ಟಡ ನಿಯಮಗಳಲ್ಲಿ ಸೇರಿಸಿ. ಮೂರನೆಯದು ರಸ್ತೆಯ ಅಡ್ಡಕೊಯ್ತ: ಮರದ ಕಂದಕ, ಮಳೆಪಾತಿ, ಕೇಬಲ್ ಕೊಳವೆಗಳಿಗೆ ಬೇರೆ ಬೇರೆ ಪಟ್ಟಿಗಳನ್ನು ಬರೆದು ಎಲ್ಲ ಇಲಾಖೆಗಳಿಂದ ಸಹಿ ಹಾಕಿಸಿ. ಅಗೆಯುವವರಿಗೆ ಆ ಹಾಳೆಯೇ ಪರವಾನಗಿಯ ಭಾಗವಾಗಲಿ.

ಕೊನೆಗೆ ಬಜೆಟ್. ಮಳೆಪಾತಿ, ಸಸಿಗಳು ಬಂಡವಾಳ ವೆಚ್ಚದಲ್ಲಿ ಹುಟ್ಟಿ ನಿರ್ವಹಣೆಯ ತಲೆಬರಹ ಇಲ್ಲದೆ ಸಾಯುತ್ತವೆ. ಪ್ರತಿ ಪಾತಿಗೂ ಒಂದು ಸಂಖ್ಯೆ, ಒಂದು ಜವಾಬ್ದಾರಿ ವಾರ್ಡು, ಮಳೆಗಾಲದ ಮುಂಚೆ ಮತ್ತು ನಡುವೆ ಹೂಳೆತ್ತುವ ತಿಂಗಳುಗಳು ಕಡತದಲ್ಲಿರಲಿ. ಸಸಿಗೆ ಮೂರು ವರ್ಷ ನೀರು ಹಾಕುವ ಹಣ ನೆಡುವ ಟೆಂಡರಿನಲ್ಲೇ ಇರಲಿ, ಬಿಲ್ಲಿನ ಕೊನೆಯ ಕಂತನ್ನು ಮೂರನೇ ವರ್ಷ ಬದುಕಿರುವ ಮರಗಳನ್ನು ಎಣಿಸಿ ಕೊಡಿ. ಅಳತೆಯನ್ನು ಕೆಲಸ ಶುರುವಾಗುವ ಮೊದಲೇ ಆರಂಭಿಸಿ: ಹಳ್ಳದ ನೀರಿನ ಮಟ್ಟ, ಎರಡು-ಮೂರು ಕಡೆ ರಾತ್ರಿಯ ಗಾಳಿಯ ಉಷ್ಣತೆ, ವರ್ಷಕ್ಕೆರಡು ಬಾರಿ ಹಕ್ಕಿ-ಚಿಟ್ಟೆಗಳ ಗಣತಿ. ಯೋಜನೆ ಮುಟ್ಟದ, ಆದರೆ ಅದೇ ಬಗೆಯ ಇನ್ನೊಂದು ಬಡಾವಣೆಯಲ್ಲೂ ಇವನ್ನೇ ಅಳೆಯಿರಿ. ಇಲ್ಲದಿದ್ದರೆ ಐದು ವರ್ಷದ ಪರಿಷ್ಕರಣೆಯ ಹೊತ್ತಿಗೆ, ನೆರೆ ತಗ್ಗಿದ್ದು ಪಾತಿಗಳಿಂದಲೋ ಮಳೆ ಕಡಿಮೆಯಾದದ್ದರಿಂದಲೋ ಎಂದು ಕೇಳಿದವರಿಗೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.